ಜಗಲಿ, ನಡುಮನೆ, ಅಟ್ಟ

ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ನಡುಮನೆಯ ಮೂಲೆಯಲ್ಲಿ ಹಳೆಯ ಸಾಗುವಾನಿ ಮೇಜು, ಅದರ ಮೇಲೆ 24 ಇಂಚಿನ ಒಂದು ಪರದೆ, ಕಾಲಿನ ಹತ್ತಿರ ಯುಪಿಎಸ್. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಅದರ ಮುಂದೆ ಮಾವ ಕೂರುತ್ತಾರೆ. ಹತ್ತರಿಂದ ನಾಲ್ಕರವರೆಗೆ ನಾನು. ಸಂಜೆ ದೀಪ ಹಚ್ಚಿದ ಮೇಲೆ ನಾದಿನಿ.

ಮಾವ ನಿವೃತ್ತ ಹೈಸ್ಕೂಲ್ ಮೇಷ್ಟರು. ತಮ್ಮ ಅಜ್ಜ ಬರೆದಿಟ್ಟಿದ್ದ ಗದ್ದೆ-ತೋಟದ ಲೆಕ್ಕದ ಪುಸ್ತಕಗಳನ್ನು ಒಂದೊಂದೇ ಪುಟವಾಗಿ ಟೈಪ್ ಮಾಡುತ್ತಿದ್ದಾರೆ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಬೇರೆಯವರ ಪುಸ್ತಕಗಳ ಕರಡು ತಿದ್ದುವ ಕೆಲಸವೂ ಇದೆ. ನಾದಿನಿ ಸಾಗರದ ನಾಲ್ವರು ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತಾಳೆ. ಒಂದೇ ಯಂತ್ರದಲ್ಲಿ ಮೂವರಿಗೂ ಬೇರೆ ಬೇರೆ ಲಾಗಿನ್ ಇದೆ. ಲಿನಕ್ಸ್ ಮೇಲೆ ಕೆಡಿಇ ಪ್ಲಾಸ್ಮಾ ಹಾಕಿದ್ದೇನೆ. ಪರದೆ, ವಿಂಡೋ, ಪಟ್ಟಿ ಎಲ್ಲವನ್ನೂ ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದಾದ ಡೆಸ್ಕ್‌ಟಾಪ್ ವ್ಯವಸ್ಥೆ ಅದು.

ಎರಡು ವರ್ಷದ ಹಿಂದೆ ಅದನ್ನು ಹಾಕಿದಾಗ ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ನನಗಾಗಿ ಬಹಳ ಆಸ್ಥೆಯಿಂದ ಹೊಂದಿಸಿಕೊಂಡಿದ್ದ ಸೆಟ್ಟಿಂಗುಗಳನ್ನೆಲ್ಲ ಹಾಗೆಯೇ ನಕಲು ಮಾಡಿ ಉಳಿದಿಬ್ಬರ ಖಾತೆಗೂ ಹಾಕಿಬಿಟ್ಟೆ. ನನಗೆ ಅನುಕೂಲವಾದದ್ದು ಅವರಿಗೂ ಅನುಕೂಲವಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ದೋಸೆ ಹೊಯ್ಯುತ್ತಿದ್ದಾಗ ಮಾವನ ದನಿ ಕೇಳಿಸಿತು. "ಇಲ್ಲಿ ಬಾರಮ್ಮ, ಎಲ್ಲ ಹೋಯಿತು." ಹೋಗಿ ನೋಡಿದರೆ ಪರದೆಯ ಮೇಲೆ ಬರೀ ಹಿನ್ನೆಲೆಯ ಚಿತ್ರ. ಒಂದೂವರೆ ಪುಟ ಟೈಪ್ ಮಾಡಿದ್ದರು. ಅದೇನೂ ಕಳೆದುಹೋಗಿರಲಿಲ್ಲ. ಪರದೆಯ ಖಾಲಿ ಜಾಗದಲ್ಲಿ ಮೌಸಿನ ಚಕ್ರ ಉರುಳಿಸಿದರೆ ಪಕ್ಕದ ಡೆಸ್ಕ್‌ಟಾಪಿಗೆ, ಅಂದರೆ ಬೇರೆ ವಿಂಡೋಗಳನ್ನು ಇಟ್ಟುಕೊಳ್ಳುವ ಇನ್ನೊಂದು ಪರದೆಗೆ, ಹೋಗುವ ಹಾಗೆ ನಾನು ನನಗಾಗಿ ಮಾಡಿಕೊಂಡಿದ್ದೆ. ಅವರು ಪುಟ ಸರಿಸಲು ಚಕ್ರ ಉರುಳಿಸಿದಾಗ ಬಾಣ ಸ್ವಲ್ಪ ಹೊರಗಿತ್ತು, ಅಷ್ಟೇ. ಆದರೆ ಅವರ ಕೈ ನಡುಗುತ್ತಿತ್ತು. ಅಜ್ಜನ ಅಕ್ಷರವನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದಾಗಿ ಓದಿ ಇಳಿಸಿದ ಒಂದೂವರೆ ಪುಟ ಅದು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಯಾರಿಗೇ ಆಗಲಿ ಡೆಸ್ಕ್‌ಟಾಪ್ ಹೊಂದಿಸಿಕೊಡುವ ಮೊದಲು ಎರಡು ದಿನ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು, ಏನೂ ಹೇಳದೆ ಅವರ ಕೈಯನ್ನು ನೋಡಬೇಕು. ಸೆಟ್ಟಿಂಗ್ಸ್ ತೆರೆಯುವುದು ಆಮೇಲೆ.

ಮೊದಲು ನನ್ನ ವಿಷಯ. ಅನುವಾದದ ಕೆಲಸದಲ್ಲಿ ಒಂದೇ ಸಲಕ್ಕೆ ಬೇಕಾಗುವುದು ಮೂಲದ ಪಿಡಿಎಫ್, ನಾನು ಬರೆಯುತ್ತಿರುವ ಕಡತ, ನಿಘಂಟು. ಇದರ ಸುತ್ತ ಮೇಲ್, ಪ್ರಕಾಶಕರ ಸಂದೇಶಗಳು, ಹಳೆಯ ಅನುವಾದಗಳ ಟಿಪ್ಪಣಿ, ಪದಪಟ್ಟಿ. ಒಂದು ಬೆಳಿಗ್ಗೆ ಕಾಗದ ಪೆನ್ಸಿಲ್ ಇಟ್ಟುಕೊಂಡು, ವಿಂಡೋ ಹುಡುಕಲು ಆಲ್ಟ್-ಟ್ಯಾಬ್ ಒತ್ತಿದಾಗಲೆಲ್ಲ ಒಂದು ಗೆರೆ ಎಳೆದೆ. ಒಂದು ಗಂಟೆಗೆ 43 ಗೆರೆ. ಪ್ರತಿ ಸಲವೂ ವಾಕ್ಯ ಅರ್ಧಕ್ಕೆ ನಿಂತಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇಡೀ ವಾಕ್ಯವನ್ನು ತಲೆಯಲ್ಲಿ ಹಿಡಿದುಕೊಂಡೇ ಹುಡುಕಬೇಕು. ಹುಡುಕಾಟ ಸ್ವಲ್ಪ ಉದ್ದವಾದರೆ ಕರ್ತೃ ಒಂದು ಕಡೆ, ಕ್ರಿಯೆ ಇನ್ನೊಂದು ಕಡೆ.

ಈ ತೊಂದರೆಗೆ ಪರಿಹಾರವನ್ನು ಬಹಳ ಹಿಂದೆಯೇ ಯೋಚಿಸಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲಿ 'ರೂಮ್ಸ್' ಎಂಬ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಪರದೆ ಚಿಕ್ಕದು, ವಿಂಡೋಗಳು ಹಲವು. ಒಂದನ್ನು ಮೇಲೆ ತಂದರೆ ಇನ್ನೊಂದು ಮುಚ್ಚಿಹೋಗುತ್ತದೆ. ಕಂಪ್ಯೂಟರಿನ ಮೆಮೊರಿ ಸಾಲದೆ ಒಳಗಿನ ಪುಟಗಳನ್ನು ಹೊರಗೆ, ಹೊರಗಿನವನ್ನು ಒಳಗೆ ಎಳೆದಾಡುತ್ತ ನಿಜವಾದ ಕೆಲಸ ನಿಂತೇಹೋಗುವುದು ಆಪರೇಟಿಂಗ್ ಸಿಸ್ಟಂ ಬಲ್ಲವರಿಗೆ ಗೊತ್ತಿರುವ ಸಂಗತಿ. ಪರದೆಯ ಮೇಲೂ ಅದೇ ನಡೆಯುತ್ತಿದೆ ಎಂದು ಅವರು ಗುರುತಿಸಿದರು. ಒಂದು ಕೆಲಸಕ್ಕೆ ಒಟ್ಟಿಗೆ ಬೇಕಾಗುವ ವಿಂಡೋಗಳನ್ನು ಒಂದು ಕೋಣೆಯಲ್ಲಿಟ್ಟು, ಕೋಣೆಯಿಂದ ಕೋಣೆಗೆ ಬಾಗಿಲು ಇಟ್ಟರು. ಎಲ್ಲ ಕೋಣೆಗಳಲ್ಲೂ ಜೊತೆಗಿರಬೇಕಾದ ವಿಂಡೋಗಳಿಗೆ 'ಕಿಸೆ', ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವವಕ್ಕೆ 'ಗಂಟುಮೂಟೆ' ಎಂಬರ್ಥದ ಹೆಸರುಗಳನ್ನು ಇಟ್ಟಿದ್ದರು. ಇಂದು ವರ್ಚುವಲ್ ಡೆಸ್ಕ್‌ಟಾಪ್ ಎಂದು ಎಲ್ಲೆಡೆ ಸಿಗುವುದರ ಹಿಂದೆ ಈ ಯೋಚನೆ ಇದೆ. ಮ್ಯಾಕಿನಲ್ಲಿ ಅದು 2007ರಲ್ಲಿ ಬಂತು, ವಿಂಡೋಸ್‌ನಲ್ಲಿ ಎಲ್ಲರ ಕೈಗೂ ಸಿಕ್ಕಿದ್ದು 2015ರಲ್ಲಿ. ಕೆಡಿಇಯಲ್ಲಿ ಮೊದಲಿನಿಂದಲೂ ಇದೆ.

ಕೋಣೆ ಎಂಬ ಮಾತು ಓದಿದ ಕೂಡಲೇ ನನ್ನ ಡೆಸ್ಕ್‌ಟಾಪುಗಳಿಗೆ ಒಂದು, ಎರಡು, ಮೂರು ಎಂದು ಇದ್ದ ಹೆಸರುಗಳನ್ನು ಅಳಿಸಿದೆ. ಮೊದಲನೆಯದು ಜಗಲಿ. ಹೊರಗಿನವರು ಬಂದು ಕೂರುವ ಜಾಗ. ಮೇಲ್, ಸಂದೇಶ, ಪ್ರಕಾಶಕರ ಪತ್ರ ಎಲ್ಲ ಅಲ್ಲಿ. ಎರಡನೆಯದು ನಡುಮನೆ. ಅಲ್ಲಿ ಬರವಣಿಗೆ ಮಾತ್ರ. ಮೂರನೆಯದು ಅಟ್ಟ. ಆಗಾಗ ಏಣಿ ಹತ್ತಿ ನೋಡುವ ಸಾಮಾನು: ಹಳೆಯ ಟಿಪ್ಪಣಿ, ಪದಪಟ್ಟಿ, 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್. ಕೆಳಗಿನ ಪಟ್ಟಿಯ ಪೇಜರಿನಲ್ಲಿ ಡೆಸ್ಕ್‌ಟಾಪಿನ ಸಂಖ್ಯೆಯ ಬದಲು ಹೆಸರು ತೋರಿಸುವ ಆಯ್ಕೆ ಇದೆ. ಮೂರು ಪುಟ್ಟ ಚೌಕಗಳಲ್ಲಿ ಮೂರು ಕನ್ನಡ ಹೆಸರು. ಹೆಸರಿಟ್ಟ ವಾರದಲ್ಲೇ ಒಂದು ಬದಲಾವಣೆ ಗಮನಕ್ಕೆ ಬಂತು. 'ಮೇಲ್ ಎಲ್ಲಿದೆ' ಎಂದು ಹುಡುಕುವುದು ನಿಂತು 'ಜಗಲಿಗೆ ಹೋಗಿ ಬರುತ್ತೇನೆ' ಎಂದು ಕೈ ತಾನಾಗಿ ಹೋಗುತ್ತಿತ್ತು. ಕತ್ತಲಲ್ಲಿ ಎದ್ದರೂ ನಾವು ಮನೆಯಲ್ಲಿ ತಡವರಿಸುವುದಿಲ್ಲ, ಅಲ್ಲವೇ? ಅದೇ ನೆನಪು ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಡೆಸ್ಕ್‌ಟಾಪ್ ಬದಲಿಸಲು ಕಂಟ್ರೋಲ್ ಜೊತೆಗೆ ಎಫ್1, ಎಫ್2, ಎಫ್3 ಒತ್ತಿದರಾಯಿತು. ಅಕ್ಷರದ ಕೀಲಿಗಳನ್ನು ಇದಕ್ಕೆ ಬಳಸಲು ನನಗೆ ಮನಸ್ಸಿಲ್ಲ. ಕನ್ನಡದ ಕೀಲಿಮಣೆ ವಿನ್ಯಾಸಕ್ಕೆ ಬದಲಿಸಿದಾಗ ಅಕ್ಷರದ ಕೀಲಿಗಳ ಅರ್ಥವೇ ಬೇರೆಯಾಗುತ್ತದೆ. ಎಫ್ ಸಾಲಿನ ಕೀಲಿಗಳು ಯಾವ ಭಾಷೆಯಲ್ಲಿದ್ದರೂ ಹಾಗೆಯೇ ಇರುತ್ತವೆ.

ಕೀಲಿಮಣೆಯ ವಿಷಯ ಬಂದಿದ್ದರಿಂದ, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಡೀ ಪ್ಲಾಸ್ಮಾದಲ್ಲಿ ಅತಿ ಹೆಚ್ಚು ಉಪಕಾರವಾಗುವ ಒಂದು ಸಣ್ಣ ಆಯ್ಕೆಯನ್ನು ವಿವರವಾಗಿಯೇ ಹೇಳುತ್ತೇನೆ. ನಾನು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಟೈಪ್ ಮಾಡುತ್ತೇನೆ. ಅದರಲ್ಲಿ ಇಂಗ್ಲಿಷಿನ ಎಂ ಕೀಲಿಯಲ್ಲಿ ಸ, ಎ ಕೀಲಿಯಲ್ಲಿ ಓತ್ವದ ದೀರ್ಘ, ಐ ಕೀಲಿಯಲ್ಲಿ ಗ, ಎಲ್ ಕೀಲಿಯಲ್ಲಿ ತ. ಹಾಗಾಗಿ ಕನ್ನಡದಲ್ಲೇ ಇರುವುದನ್ನು ಮರೆತು ಇಂಗ್ಲಿಷಿನಲ್ಲಿ 'ಮೇಲ್' ಎಂದು ಒತ್ತಿದರೆ ಪರದೆಯ ಮೇಲೆ 'ಸೋಗತ' ಎಂದು ಮೂಡುತ್ತದೆ. ದಿನಕ್ಕೆ ಹತ್ತು ಸಲ ಸೋಗತವನ್ನು ಅಳಿಸಿ, ಭಾಷೆ ಬದಲಿಸಿ, ಮತ್ತೆ ಒತ್ತುವುದು. ಇತ್ತ ನಡುಮನೆಗೆ ಬಂದು ಕನ್ನಡ ಬರೆಯಲು ಹೊರಟರೆ ಭಾಷೆ ಇಂಗ್ಲಿಷಿನಲ್ಲಿ ಉಳಿದಿರುತ್ತದೆ.

ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ, ವಿನ್ಯಾಸಗಳ ಪಟ್ಟಿ ಇರುವ ಪುಟದಲ್ಲೇ, ಭಾಷೆ ಬದಲಿಸಿದ್ದು ಎಲ್ಲಿಯವರೆಗೆ ಅನ್ವಯಿಸಬೇಕು ಎಂಬ ಆಯ್ಕೆ ಇದೆ. ಇಡೀ ಯಂತ್ರಕ್ಕೆ, ಆ ಡೆಸ್ಕ್‌ಟಾಪಿಗೆ, ಆ ಅಪ್ಲಿಕೇಶನ್ನಿಗೆ, ಆ ವಿಂಡೋಗೆ ಎಂದು ನಾಲ್ಕು ಬಗೆ. ತಾನಾಗಿ ಇರುವುದು ಮೊದಲನೆಯದು. ನಾನು ಎರಡನೆಯದನ್ನು ಆರಿಸಿದೆ. ಈಗ ಜಗಲಿ ಇಂಗ್ಲಿಷಿನಲ್ಲಿ, ನಡುಮನೆ ಕನ್ನಡದಲ್ಲಿ, ಅಟ್ಟ ಇಂಗ್ಲಿಷಿನಲ್ಲಿ. ಎಫ್2 ಒತ್ತಿ ನಡುಮನೆಗೆ ಕಾಲಿಟ್ಟರೆ ಕೀಲಿಮಣೆ ತಾನೇ ಕನ್ನಡ ಮಾತಾಡಲು ತೊಡಗುತ್ತದೆ. ಮನೆಯೊಳಗೆ ಒಂದು ಮಾತು, ಜಗಲಿಯಲ್ಲಿ ಬಂದವರ ಜೊತೆ ಇನ್ನೊಂದು ಮಾತು ಆಡಿಕೊಂಡು ಬೆಳೆದವರಿಗೆ ಇದು ಎಷ್ಟು ಸಹಜವಾಗಿ ಕೂರುತ್ತದೆ ಎಂಬುದನ್ನು ಬಳಸಿಯೇ ತಿಳಿಯಬೇಕು. ಸೋಗತ ನನ್ನ ಪರದೆಗೆ ಬಂದು ತಿಂಗಳುಗಳಾದವು.

ಒಂದು ಎಚ್ಚರಿಕೆ: ಇದು ಕೀಬೋರ್ಡ್ ಪುಟದಲ್ಲಿ ಸೇರಿಸಿದ ವಿನ್ಯಾಸಗಳಿಗೆ ಮಾತ್ರ ಅನ್ವಯಿಸುತ್ತದೆ. ಮಾವ ಟೈಪ್ ಮಾಡುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ, 'ನುಡಿ' ತಂತ್ರಾಂಶದಲ್ಲಿ ಕಲಿತದ್ದು. ಅವರ ಖಾತೆಯಲ್ಲಿ ಅದನ್ನು ಎಫ್‌ಸಿಟಿಎಕ್ಸ್ ಎಂಬ ಬೇರೆ ಸಾಧನದ ಮೂಲಕ ಕೊಟ್ಟಿದ್ದೇನೆ. ಅದಕ್ಕೆ ಅದರದೇ ಆದ ಸೆಟ್ಟಿಂಗ್ ಇದೆ: ಭಾಷೆಯ ಸ್ಥಿತಿಯನ್ನು ಎಲ್ಲ ವಿಂಡೋಗಳೂ ಹಂಚಿಕೊಳ್ಳಬೇಕೆ, ಬೇಡವೆ ಎಂಬುದು. ಮಾವ ಬರೆಯುವುದು ಕನ್ನಡ ಮಾತ್ರ, ಆದ್ದರಿಂದ ಎಲ್ಲವೂ ಹಂಚಿಕೊಳ್ಳಲಿ ಎಂದು ಇಟ್ಟೆ.

ನಿಘಂಟು ನನ್ನ ಕಿಸೆಯಲ್ಲಿರುತ್ತದೆ. 'ಅಲರ್' ತೆರೆದಿರುವ ಸಣ್ಣ ವಿಂಡೋವನ್ನು ಎಲ್ಲ ಡೆಸ್ಕ್‌ಟಾಪುಗಳಲ್ಲೂ ಕಾಣುವಂತೆ, ಬಲಗಡೆಯ ಕೆಳಮೂಲೆಯಲ್ಲಿ, ಉಳಿದವುಗಳ ಮೇಲೆ ಇರುವಂತೆ ಮಾಡಿದ್ದೇನೆ. ಇದಕ್ಕೆ ಬೇಕಾದದ್ದು ವಿಂಡೋ ರೂಲ್ಸ್. ವಿಂಡೋದ ತಲೆಪಟ್ಟಿಯ ಮೇಲೆ ಬಲಗುಂಡಿ ಒತ್ತಿ, ಇನ್ನಷ್ಟು ಕ್ರಿಯೆಗಳೊಳಗೆ ಹೋದರೆ ಆ ಒಂದು ವಿಂಡೋಗೆ ಅಥವಾ ಆ ಇಡೀ ಅಪ್ಲಿಕೇಶನ್ನಿಗೆ ನಿಯಮ ಬರೆಯಬಹುದು. ಎಲ್ಲಿ ತೆರೆದುಕೊಳ್ಳಬೇಕು, ಎಷ್ಟು ದೊಡ್ಡದಿರಬೇಕು, ಯಾವ ಡೆಸ್ಕ್‌ಟಾಪಿನಲ್ಲಿ, ಯಾವುದರ ಮೇಲೆ. ಪ್ರತಿ ಗುಣಕ್ಕೂ ಅದನ್ನು ಹೇಗೆ ಅನ್ವಯಿಸಬೇಕು ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಜನ ಎಡವುವುದು ಅಲ್ಲಿ. ಕಟ್ಟುನಿಟ್ಟಾಗಿ ಹೇರುವ ಬಗೆಯನ್ನು ಆರಿಸಿದರೆ ಆ ವಿಂಡೋವನ್ನು ನೀವೇ ಕೈಯಾರೆ ಬೇರೆ ಡೆಸ್ಕ್‌ಟಾಪಿಗೆ ಕಳಿಸಲು ಹೋದರೂ ಅದು ಹೋಗುವುದಿಲ್ಲ. ಆರಂಭದಲ್ಲಿ ಮಾತ್ರ ಅನ್ವಯಿಸುವ ಬಗೆಯನ್ನು ಆರಿಸಿದರೆ ತೆರೆಯುವಾಗ ತನ್ನ ಜಾಗದಲ್ಲಿ ತೆರೆದುಕೊಳ್ಳುತ್ತದೆ, ಆಮೇಲೆ ನಿಮ್ಮ ಮಾತು ಕೇಳುತ್ತದೆ. ನಿಘಂಟು ಮೇಲಿರಬೇಕು ಎಂಬುದನ್ನು ಬಿಟ್ಟರೆ ನನ್ನ ನಿಯಮಗಳೆಲ್ಲ ಎರಡನೆಯ ಬಗೆಯವು.

ಕರಡು ತಿದ್ದುವ ದಿನಗಳಲ್ಲಿ ಇಷ್ಟೂ ಸಾಲುವುದಿಲ್ಲ. ಅನುವಾದ ಮಾಡುವಾಗ ಮೂಲ ಎಡಕ್ಕೆ, ಬರಹ ಬಲಕ್ಕೆ ಇದ್ದರೆ ಚೆನ್ನ. ಕಣ್ಣು ಒಂದು ಪ್ಯಾರಾ ಓದಿ ಈಚೆಗೆ ಬರುತ್ತದೆ. ಕರಡು ತಿದ್ದುವಾಗ ನೋಡಬೇಕಾದದ್ದು ಅಕ್ಷರ. ಅಚ್ಚಿನ ಪುಟವನ್ನು ಇಷ್ಟು ದೊಡ್ಡದು ಮಾಡಿಕೊಂಡರೆ ಮಾತ್ರ ಒತ್ತಕ್ಷರ ಸರಿಯಾಗಿದೆಯೆ, ಹಳೆಯ ಎನ್‌ಕೋಡಿಂಗಿನಿಂದ ಯುನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ತಪ್ಪಾದ ಅಕ್ಷರದ ಮೇಲೆ ಕೂತಿದೆಯೆ ಎಂಬುದು ಗೊತ್ತಾಗುತ್ತದೆ. ಅಷ್ಟು ದೊಡ್ಡದಾದ ಸಾಲು ಅರ್ಧ ಪರದೆಯಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಮೇಲೊಂದು ಕೆಳಗೊಂದು ಇಡೀ ಅಗಲದ ಎರಡು ಪಟ್ಟಿ ಬೇಕು. ಪ್ಲಾಸ್ಮಾದಲ್ಲಿ ವಿಂಡೋಸ್ ಕೀಲಿಯ ಜೊತೆ ಟಿ ಒತ್ತಿದರೆ ಪರದೆಯನ್ನು ಬೇಕಾದ ಹಾಗೆ ಹಂಚುವ ಟೈಲ್ ಸಂಪಾದಕ ತೆರೆಯುತ್ತದೆ. ಹಂಚಿದ ಮೇಲೆ ಶಿಫ್ಟ್ ಹಿಡಿದುಕೊಂಡು ವಿಂಡೋ ಎಳೆದರೆ ಅದು ತನ್ನ ಪಾಲಿನ ಜಾಗದಲ್ಲಿ ಕೂರುತ್ತದೆ. 2023ರಲ್ಲಿ ಪ್ಲಾಸ್ಮಾದ 5.27ನೆಯ ಆವೃತ್ತಿಯ ಜೊತೆ ಇದು ಬಂದಾಗ ಇಡೀ ಪರದೆಗೆ ಒಂದೇ ಹಂಚಿಕೆ ಇತ್ತು. ಕರಡಿನ ದಿನ ಅದನ್ನು ಒಡೆದು ಕಟ್ಟಬೇಕಾಗುತ್ತಿತ್ತು. 2025ರ ಜೂನ್‌ನಲ್ಲಿ ಬಂದ 6.4ರಿಂದ ಒಂದೊಂದು ಡೆಸ್ಕ್‌ಟಾಪಿಗೂ ಬೇರೆ ಹಂಚಿಕೆ ಸಾಧ್ಯವಾಯಿತು. ಅಂದು ಸಂಜೆಯೇ ನಾಲ್ಕನೆಯ ಡೆಸ್ಕ್‌ಟಾಪ್ ಮಾಡಿದೆ. ಅದರ ಹೆಸರು ಹಿತ್ತಿಲು. ಕಳೆ ಕೀಳುವ ಜಾಗ.

ಇದಿಷ್ಟೂ ನನ್ನ ಮನೆ. ಮಾವನ ಮನೆ ಬೇರೆ.

ಎರಡು ದಿನ ಅವರ ಪಕ್ಕದಲ್ಲಿ ಕೂತಾಗ ಕಂಡದ್ದು ಇದು. ಅವರು ಟೈಪ್ ಮಾಡುವಾಗ ಪರದೆಯನ್ನು ನೋಡುವುದಿಲ್ಲ, ಕೀಲಿಗಳನ್ನು ನೋಡುತ್ತಾರೆ. ಒಂದು ಸಾಲು ಮುಗಿದ ಮೇಲೆ ತಲೆ ಎತ್ತುತ್ತಾರೆ. ಆ ಹೊತ್ತಿನಲ್ಲಿ ಬೇರೊಂದು ವಿಂಡೋ ತಾನಾಗಿ ಎದ್ದು ಮುಂದೆ ಬಂದರೆ ಅಕ್ಷರಗಳೆಲ್ಲ ಅದಕ್ಕೆ ಹೋಗಿಬಿಡುತ್ತವೆ. ಎರಡನೆಯ ದಿನವೇ ಹಾಗಾಯಿತು. ಪ್ರಿಂಟರಿನ ವಿಂಡೋ ಒಂದು ಎದ್ದು, ಅವರ ಅಜ್ಜನ 'ಮೇಲಿನ ಗದ್ದೆ, ಭತ್ತ ಎಂಟು ಖಂಡುಗ' ಎಂಬ ಸಾಲು ಎಲ್ಲಿಯೂ ಇಲ್ಲದ ಹಾಗೆ ಹೋಯಿತು. ಅವರು ಬೈಯಲಿಲ್ಲ. "ನಾನೇ ಎಲ್ಲೋ ತಪ್ಪು ಒತ್ತಿರಬೇಕು" ಎಂದರು. ಆ ಮಾತು ಕೇಳಿ ನನಗೆ ಬಹಳ ನೋವಾಯಿತು. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವರು, ಯಂತ್ರದ ಅವಸರವನ್ನು ತಮ್ಮ ತಪ್ಪೆಂದು ಒಪ್ಪಿಕೊಳ್ಳುತ್ತಿದ್ದಾರೆ.

ವಿಂಡೋಗಳ ವರ್ತನೆಯ ಪುಟದಲ್ಲಿ, ಹೊಸ ವಿಂಡೋ ನಮ್ಮ ಕೈಯಿಂದ ಕೀಲಿಮಣೆಯನ್ನು ಕಸಿದುಕೊಳ್ಳದಂತೆ ತಡೆಯುವ ಆಯ್ಕೆ ಇದೆ. ಅದನ್ನು ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಏರಿಸಿದೆ. ಈಗ ಏನೇ ತೆರೆದುಕೊಂಡರೂ ಹಿಂದೆ ನಿಂತು, ಕೆಳಗಿನ ಪಟ್ಟಿಯಲ್ಲಿ ಬಣ್ಣ ಬದಲಿಸಿ ಕಾಯುತ್ತದೆ. ಮೌಸಿನ ಚಕ್ರದ ಆ ಸೌಲಭ್ಯವನ್ನು ತೆಗೆದೆ. ಬಾಣ ಎಡ ಮೇಲ್ಮೂಲೆಗೆ ತಾಗಿದರೆ ಎಲ್ಲ ವಿಂಡೋಗಳೂ ಕುಗ್ಗಿ ಹರಡಿಕೊಳ್ಳುವುದನ್ನೂ ತೆಗೆದೆ. ತಲೆಪಟ್ಟಿಯ ಮೇಲಿನ ಗುಂಡಿಗಳಲ್ಲಿ ವಿಂಡೋವನ್ನು ಕೆಳಗೆ ಇಳಿಸುವ ಗುಂಡಿಯನ್ನೇ ಎಳೆದು ಹೊರಗೆ ಹಾಕಿದೆ. ಮುಚ್ಚುವ ಗುಂಡಿಯನ್ನು ಎಡತುದಿಗೆ, ಉಳಿದದ್ದರಿಂದ ದೂರಕ್ಕೆ ಇಟ್ಟೆ. ಅಂಚುಗಳನ್ನು ದಪ್ಪ ಮಾಡಿದೆ. ಒಂದೇ ಡೆಸ್ಕ್‌ಟಾಪ್. ಎಡಕ್ಕೆ ಅಗಲವಾದ ಪಾಲಿನಲ್ಲಿ ಸ್ಕ್ಯಾನ್ ಮಾಡಿದ ಪುಟ, ಬಲಕ್ಕೆ ಬರೆಯುವ ಕಡತ. ಲಾಗಿನ್ ಆದೊಡನೆ ಎರಡೂ ತಾವಾಗಿ ತೆರೆದು ತಮ್ಮ ಜಾಗದಲ್ಲಿ ಕೂರುತ್ತವೆ. ಜೂನ್ ಜುಲೈ ಮಳೆಗೆ ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಲೆಕ್ಕವಿಲ್ಲ. ಯುಪಿಎಸ್ ಕೂಗತೊಡಗಿದರೆ ಮಾವ ಉಳಿಸಿ, ಯಂತ್ರ ಆರಿಸಿ, ಜಗಲಿಗೆ ಹೋಗಿ ಕೂರುತ್ತಾರೆ. ಮತ್ತೆ ಬಂದಾಗ ಯಾವುದನ್ನೂ ಹೊಂದಿಸಿಕೊಳ್ಳಬೇಕಾಗಿಲ್ಲ.

ಅವರು 'ಕಡತ' ಎಂಬ ಮಾತನ್ನು ಬಳಸುವಾಗ ನನಗೆ ಪ್ರತಿ ಸಲವೂ ಒಂದು ಕ್ಷಣ ಬೇಕಾಗುತ್ತದೆ. ನಾವು ಫೈಲ್ ಎಂಬ ಅರ್ಥದಲ್ಲಿ ಹೇಳುತ್ತೇವೆ. ಅವರ ಅಟ್ಟದ ಪೆಟ್ಟಿಗೆಯಲ್ಲಿ ನಿಜವಾದ ಕಡತವೇ ಒಂದಿದೆ: ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು. ಮಡಿಕೆ ಬಿಚ್ಚಿದರೆ ಮುಂದಿನ ಪುಟ. ಅದಕ್ಕೂ ಹೊಂದಿಸಿಕೊಳ್ಳುವ ಕೆಲಸವಿರಲಿಲ್ಲ.

ಇನ್ನು ನಾದಿನಿ. ಅವಳಿಗೆ ನನ್ನ ಕೋಣೆಗಳನ್ನು ಕೊಟ್ಟಾಗ ಎರಡೇ ದಿನದಲ್ಲಿ ಅವಳು ಎಲ್ಲವನ್ನೂ ಒಂದೇ ಡೆಸ್ಕ್‌ಟಾಪಿನಲ್ಲಿ ಗುಡ್ಡೆ ಹಾಕಿಕೊಂಡಿದ್ದಳು. "ಅತ್ತಿಗೆ, ನನಗೆ ಜಾಗ ಮರೆತುಹೋಗುವುದಿಲ್ಲ. ಯಾರ ಲೆಕ್ಕದಲ್ಲಿದ್ದೇನೆ ಎಂಬುದು ಮರೆತುಹೋಗುತ್ತದೆ" ಎಂದಳು. ನಾನು ಪಕ್ಕದಲ್ಲಿ ಕೂತು ನೋಡಿದಾಗ ಅದು ಅರ್ಥವಾಯಿತು. ನಾಲ್ಕೂ ಮಂಡಿಯವರ ಬಿಲ್ಲುಗಳು ನೋಡಲು ಒಂದೇ ತರಹ. ಅಡಿಕೆಯ ಬಗೆಗಳು ರಾಶಿ, ಬೆಟ್ಟೆ, ಚಾಲಿ. ಚೀಲ, ತೂಕ, ದರ, ತೆರಿಗೆ. ಪೋರ್ಟಲಿನ ಪುಟ ನಾಲ್ವರಿಗೂ ಒಂದೇ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಮುಂದಿನ ತಿಂಗಳ 11ರೊಳಗೆ ಮಾರಾಟದ ವಿವರ ಜಿಎಸ್‌ಟಿಆರ್-1ರಲ್ಲಿ ಹೋಗಬೇಕು, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಹತ್ತನೆಯ ತಾರೀಖಿನ ರಾತ್ರಿ ಒಬ್ಬರ ಬಿಲ್ಲನ್ನು ಇನ್ನೊಬ್ಬರ ಹಾಳೆಗೆ ಏರಿಸಿದರೆ ಅದರ ಪರಿಣಾಮ ಅನುಭವಿಸುವವರು ಆ ವ್ಯಾಪಾರಿ ಮತ್ತು ಅವರಿಂದ ಕೊಂಡವರು.

ಅವಳಿಗೆ ಬೇಕಾಗಿದ್ದದ್ದು ಕೋಣೆಗಳಲ್ಲ, ನಾಲ್ಕು ಬೇರೆ ಬೇರೆ ಮನೆಗಳು. ಪ್ಲಾಸ್ಮಾದಲ್ಲಿ ಅದಕ್ಕೆ ಆಕ್ಟಿವಿಟಿ ಎಂಬುದಿದೆ. ವರ್ಚುವಲ್ ಡೆಸ್ಕ್‌ಟಾಪ್ ವಿಂಡೋಗಳನ್ನು ಮಾತ್ರ ಬೇರ್ಪಡಿಸುತ್ತದೆ. ಆಕ್ಟಿವಿಟಿಯಲ್ಲಿ ಹಿನ್ನೆಲೆಯ ಚಿತ್ರ, ಡೆಸ್ಕ್‌ಟಾಪಿನ ಮೇಲೆ ಕಾಣುವ ಫೋಲ್ಡರ್, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ ಎಲ್ಲವೂ ಬೇರೆಯಾಗುತ್ತವೆ. ಒಬ್ಬೊಬ್ಬ ವ್ಯಾಪಾರಿಗೂ ಒಂದೊಂದು ಆಕ್ಟಿವಿಟಿ ಮಾಡಿದೆವು. ಡೆಸ್ಕ್‌ಟಾಪಿನ ಮೇಲೆ ಆ ವ್ಯಾಪಾರಿಯ ಫೋಲ್ಡರ್ ಮಾತ್ರ. ಇತ್ತೀಚಿನ ಕಡತಗಳಲ್ಲಿ ಅವರ ಕಡತಗಳು ಮಾತ್ರ. ಹಿನ್ನೆಲೆ ಒಂದಕ್ಕೆ ಕುಂಕುಮದ ಬಣ್ಣ, ಒಂದಕ್ಕೆ ಅರಿಸಿನ, ಒಂದಕ್ಕೆ ಎಲೆ ಹಸಿರು, ಒಂದಕ್ಕೆ ನೀಲಿ. ಬಣ್ಣಗಳನ್ನು ಅವಳೇ ಆರಿಸಿದಳು. ಆಯಾ ಮಂಡಿಯ ರಶೀದಿ ಪುಸ್ತಕದ ರಟ್ಟಿನ ಬಣ್ಣಗಳು ಅವು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ವಿಂಡೋಗಳು ಪರದೆಯನ್ನೆಲ್ಲ ತುಂಬಿಕೊಂಡ ಮೇಲೆ ಹಿನ್ನೆಲೆಯ ಬಣ್ಣ ಕಾಣುವುದೇ ಇಲ್ಲ. ಕಾಣಬೇಕಾದ ಹೊತ್ತಿನಲ್ಲೇ ಮರೆಯಾಗುತ್ತದೆ. ಅದಕ್ಕೆ ಟೈಲ್ ಸಂಪಾದಕದಲ್ಲಿ ಪಾಲುಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬ ಅಳತೆ ನೆರವಿಗೆ ಬಂತು. ಸಾಮಾನ್ಯವಾಗಿ ಜನ ಅದನ್ನು ಕಡಿಮೆ ಮಾಡಿಕೊಳ್ಳುತ್ತಾರೆ, ಜಾಗ ಉಳಿಯಲಿ ಎಂದು. ನಾವು ಹೆಚ್ಚಿಸಿದೆವು. ಈಗ ಅವಳ ಹಾಳೆ ಮತ್ತು ಬ್ರೌಸರಿನ ಸುತ್ತಲೂ ಒಂದು ಬೆರಳಿನಷ್ಟು ದಪ್ಪಕ್ಕೆ ಆ ಬಣ್ಣ ಕಾಣುತ್ತದೆ, ಇಳಕಲ್ ಸೀರೆಯ ಅಂಚಿನ ಹಾಗೆ. ನಡುವೆ ಕಣ್ಣು ಎಲ್ಲಿದ್ದರೂ ಅಂಚಿನ ಬಣ್ಣ ಗೊತ್ತಾಗುತ್ತಲೇ ಇರುತ್ತದೆ. ಮೊದಲ ಸಲ ಕುಂಕುಮದಿಂದ ಹಸಿರಿಗೆ ಹೋದಾಗ ಅವಳು ಬಿಲ್ಲಿನ ಕಟ್ಟನ್ನೂ ಕೈಯಾರೆ ಬದಲಿಸಿದಳು. ಪರದೆ ಬದಲಾದರೆ ಮೇಜೂ ಬದಲಾಗಬೇಕು ಎಂದು ನಾವು ಯಾರೂ ಹೇಳಿರಲಿಲ್ಲ.

ಬ್ರೌಸರಿನ ವಿಷಯದಲ್ಲಿ ಸ್ವಲ್ಪ ಒದ್ದಾಡಿದೆವು. ತೆರಿಗೆಯ ಪೋರ್ಟಲ್ ಇರುವ ವಿಂಡೋ ಯಾವಾಗಲೂ ಬಲಗಡೆಯೇ ತೆರೆಯಲಿ ಎಂದು, ವಿಂಡೋದ ಶೀರ್ಷಿಕೆ ನೋಡಿ ಗುರುತಿಸುವ ನಿಯಮ ಬರೆದೆ. ಕೆಲಸ ಮಾಡಲಿಲ್ಲ. ವಿಂಡೋ ತೆರೆಯುವ ಕ್ಷಣದಲ್ಲಿ ಪುಟ ಇನ್ನೂ ಬಂದಿರುವುದಿಲ್ಲ, ಶೀರ್ಷಿಕೆ ಖಾಲಿ. ಆರಂಭದಲ್ಲಿ ಮಾತ್ರ ಅನ್ವಯಿಸುವ ನಿಯಮಕ್ಕೆ ಗುರುತು ಸಿಗುವಷ್ಟರಲ್ಲಿ ಆರಂಭ ಮುಗಿದಿರುತ್ತದೆ. ಹೇರುವ ಬಗೆಗೆ ಬದಲಿಸಿದರೆ ಅವಳು ಪಕ್ಕಕ್ಕೆ ಸರಿಸಿದ ವಿಂಡೋ ಮತ್ತೆ ಮತ್ತೆ ಹಿಂದಕ್ಕೆ ನೆಗೆಯುತ್ತಿತ್ತು. ಕೊನೆಗೆ ಹೊಳೆದದ್ದು ಬಹಳ ಸರಳ. ಪೋರ್ಟಲಿಗೆ ಒಂದು ಬ್ರೌಸರ್, ಉಳಿದದ್ದಕ್ಕೆ ಇನ್ನೊಂದು. ಪೋರ್ಟಲ್ ಕ್ರೋಮಿಯಂನಲ್ಲಿ, ಬೇರೆಲ್ಲ ಫೈರ್‌ಫಾಕ್ಸ್‌ನಲ್ಲಿ. ಅಪ್ಲಿಕೇಶನ್ನಿನ ಹೆಸರು ತೆರೆಯುವಾಗಲೇ ಗೊತ್ತಿರುವುದರಿಂದ ನಿಯಮ ತಪ್ಪುವುದಿಲ್ಲ. ಎರಡು ಸಂಜೆ ಕಳೆದ ಮೇಲೆ ಸಿಕ್ಕ ಉತ್ತರ ಇದು. ನಿಮಗಾದರೂ ಆ ಎರಡು ಸಂಜೆ ಉಳಿಯಲಿ.

ಈ ನಿಯಮಗಳೆಲ್ಲ ಮನೆಯ ಫೋಲ್ಡರಿನೊಳಗೆ, ಕಾಣದಂತಿರುವ ಕಾನ್ಫಿಗ್ ಫೋಲ್ಡರಿನಲ್ಲಿ 'ಕೆವಿನ್‌ರೂಲ್ಸ್‌ಆರ್‌ಸಿ' ಎಂಬ ಹೆಸರಿನ ಕಡತದಲ್ಲಿರುತ್ತವೆ. ಮೂವರದ್ದನ್ನೂ ಪೆನ್ ಡ್ರೈವಿಗೆ ನಕಲು ಮಾಡಿಟ್ಟಿದ್ದೇನೆ, ಬೇರೆ ಬೇರೆ ಹೆಸರಿನಲ್ಲಿ.

ಕಳೆದ ವಾರ ಮಾವ ಕಾಫಿ ಲೋಟ ಕೆಳಗಿಟ್ಟು ಕೇಳಿದರು. "ನಿನ್ನದರಲ್ಲಿ ಏನೋ ಅಟ್ಟ ಇದೆಯಂತಲ್ಲಮ್ಮ, ಕಿಟೆಲ್ ಇಟ್ಟಿದ್ದೀಯಂತೆ. ನನಗೂ ಆ ಪುಸ್ತಕ ಬೇಕು. ಅಜ್ಜ ಬರೆದ ಎಷ್ಟೋ ಮಾತು ನನಗೆ ತಿಳಿಯುವುದಿಲ್ಲ." ಅವರಿಗೂ ಎರಡನೆಯ ಡೆಸ್ಕ್‌ಟಾಪ್ ಮಾಡಿಕೊಡೋಣವೆಂದು ಹೊರಟೆ. ಆಮೇಲೆ ತಡೆದು, ಒಂದು ಬೆಳಿಗ್ಗೆ ಮತ್ತೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತೆ. ತಿಳಿಯದ ಮಾತು ಬಂದಾಗ ಅವರು ಅಲ್ಲಿಂದ ಎದ್ದುಹೋಗುವುದಿಲ್ಲ. ಆ ಅಕ್ಷರದ ಮೇಲೆ ಎಡಗೈಯ ಬೆರಳನ್ನು ಪರದೆಗೆ ಒತ್ತಿ ಹಿಡಿದುಕೊಂಡೇ ಬಲಗೈಯಿಂದ ಪಕ್ಕದ ಪುಸ್ತಕ ತಡಕುತ್ತಾರೆ. ಪರದೆ ಬದಲಾದರೆ ಬೆರಳಿನ ಕೆಳಗಿನ ಅಕ್ಷರ ಹೋಗಿಬಿಡುತ್ತದೆ.

ಹಾಗಾಗಿ ಬಲಗಡೆಯ ಪಾಲನ್ನು ಎರಡು ಮಾಡಿದೆ. ಮೇಲೆ ಅವರ ಬರಹ, ಕೆಳಗೆ ಪರದೆಯ ಕಾಲುಭಾಗದಷ್ಟು ಜಾಗದಲ್ಲಿ ಕಿಟೆಲ್. ಸ್ಕ್ಯಾನ್ ಮಾಡಿದ ಪುಟ ಎಡಗಡೆ ಅಲ್ಲಾಡದೆ ಇರುತ್ತದೆ. ಹೊಸ ಪಾಲನ್ನು ನೋಡಿ ಅವರೇ ಒಂದು ಹೆಸರಿಟ್ಟರು: ಗೂಡು. ನಡುಮನೆಯ ಗೋಡೆಯಲ್ಲಿ ದೀಪ ಇಡಲು ಬಿಟ್ಟಿರುತ್ತಾರಲ್ಲ, ಅದು. ನಿನ್ನೆ ಬೆಳಿಗ್ಗೆ ಅಡುಗೆಮನೆಯಿಂದ ಇಣುಕಿದಾಗ ಎಡಗೈ ಬೆರಳು ಪರದೆಯ ಮೇಲೆ, ಬಲಗೈ ಮೌಸಿನ ಮೇಲೆ, ಗೂಡಿನಲ್ಲಿ ಕಿಟೆಲ್ 'ಕೊಳಗ'ದ ಪುಟಕ್ಕೆ ತೆರೆದುಕೊಂಡಿತ್ತು.